ಗೊಟ್ಟಿಗೆರೆಯ ಚರಿತ್ರೆಯನ್ನು ಯಾರು ಬರೆಯಬೇಕು?

ಬನ್ನೇರುಘಟ್ಟ ರಸ್ತೆಯ ಗೊಟ್ಟಿಗೆರೆ ಎಂಬ ಹೆಸರನ್ನು ಕೇಳಿದಾಗಲೆಲ್ಲ ಹಳಗನ್ನಡ ಪಾಠ ಹೇಳುವ ನನ್ನಂಥವನಿಗೆ ಒಂದು ಆಸೆ ಹುಟ್ಟುತ್ತದೆ. ಸಂಸ್ಕೃತದ ಗೋಷ್ಠಿಗೆ ಗೊಟ್ಟಿ ಎಂಬುದು ತದ್ಭವ. ಅದರ ಮುಂದೆ ಕೆರೆ ಬಂದು ಕಕಾರಕ್ಕೆ ಗಕಾರ ಆದೇಶವಾಗಿದೆ. ಆದುದರಿಂದ ಇದು ಜನರು ಗೋಷ್ಠಿ ಸೇರುತ್ತಿದ್ದ ಕೆರೆ ಎಂದು ಬರೆದುಬಿಡುವ ಆಸೆ. ಇದರಲ್ಲಿ ಸಂಧಿಯ ಮಾತು ನಿಜ, ಉಳಿದದ್ದು ಊಹೆ. ಗೊಟ್ಟಿ ಎಂಬ ಮುಳ್ಳುಮರವೂ ನಮ್ಮಲ್ಲಿದೆ. ಕೆರೆಯ ದಡದಲ್ಲಿ ಇದ್ದವರು ಪಂಡಿತರೋ ಮುಳ್ಳುಮರಗಳೋ, ಸಂಧಿಕಾರ್ಯ ಹೇಳಲಾರದು.

ಊರಿನ ಆಸಕ್ತರು ನಾಲ್ಕಾರು ಜನ ಕೂಡಿ, ಸಂಬಳ ಸನ್ಮಾನಗಳ ಹಂಗಿಲ್ಲದೆ, ತಮ್ಮ ಊರಿನ ಚರಿತ್ರೆಯನ್ನು ಕಲೆಹಾಕಲು ಹೊರಟಾಗ ಮೊದಲು ಎದುರಾಗುವುದು ಇಂತಹ ಊಹೆಯೇ. ಅವರು ಅದನ್ನು ನಿರ್ಣಯವೆಂದು ಬರೆದರೆ ನಾವು, ಅಂದರೆ ವಿಶ್ವವಿದ್ಯಾಲಯದವರು, ನಗುತ್ತೇವೆ. ನಕ್ಕು ಸುಮ್ಮನಾಗುತ್ತೇವೆ. ನನ್ನ ತಕರಾರು ಆ ಸುಮ್ಮನಾಗುವಿಕೆಯ ಬಗ್ಗೆ.

ಗೊಟ್ಟಿಗೆರೆಯಿಂದ ಕೆಲವೇ ಕಿಲೋಮೀಟರು ದೂರದ ಬೇಗೂರಿನ ಉದಾಹರಣೆ ನೋಡೋಣ. ಅಲ್ಲಿನ ನಾಗೇಶ್ವರ ದೇವಾಲಯದ ಸುಮಾರು ಕ್ರಿ.ಶ. 890ರ ಶಾಸನ ಬೆಂಗಳೂರಿನ ಕಾಳಗವೊಂದನ್ನು ಹೆಸರಿಸುತ್ತದೆ. ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಬೆಂದಕಾಳೂರು ಆಯಿತೆಂಬುದು ಜನಜನಿತ ಕಥೆ. ಕಥೆಯ ಇಮ್ಮಡಿ ಬಲ್ಲಾಳ ಪಟ್ಟಕ್ಕೆ ಬಂದದ್ದು 1173ರಲ್ಲಿ. ಹೆಸರು ಕಥೆಗಿಂತ ಮೂರು ಶತಮಾನ ಹಿರಿದು. ಹಾಗೆಂದು ಕಥೆಯನ್ನು ಅಳಿಸಬೇಕೆ? ಖಂಡಿತ ಬೇಡ. ಜನ ತಮ್ಮ ಊರಿನ ಹೆಸರನ್ನು ಹೇಗೆ ಅರ್ಥೈಸಿಕೊಂಡರು ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಕಲ್ಲು ಹೇಳಿದ್ದು ಕಲ್ಲಿನ ಲೆಕ್ಕಕ್ಕೆ, ಅಜ್ಜಿ ಹೇಳಿದ್ದು ಅಜ್ಜಿಯ ಲೆಕ್ಕಕ್ಕೆ ಹೋಗಬೇಕು. ಇವುಗಳನ್ನು ಬೇರ್ಪಡಿಸಿ ಇಡುವ ಶಿಸ್ತೊಂದನ್ನೇ ನಾವು ಆ ಆಸಕ್ತರಿಗೆ ಕೊಡಬಹುದಾದದ್ದು. ಬೇಗೂರಿನ ಇನ್ನೊಂದು ಶಾಸನ ನಾಗತ್ತರನ ಮಗಳು ತೊಂಡಬ್ಬೆಯ ಸಲ್ಲೇಖನವನ್ನು ತಿಳಿಸುತ್ತದೆ. ಊರಿನ ಕಥೆಗಳಲ್ಲಿ ಆಕೆಯ ಹೆಸರನ್ನು ನಾನು ಕೇಳಿಲ್ಲ. ಕಲ್ಲಿಗೆ ನೆನಪಿದ್ದು ನಾಲಗೆಗೆ ಮರೆತುಹೋದದ್ದೂ ಚರಿತ್ರೆಯೇ.

ಹವ್ಯಾಸಿಗಳ ಕೆಲಸವೆಂದು ಹಗುರವಾಗಿ ಕಾಣುವವರು ಹೆಬ್ಬಾಳವನ್ನು ನೆನೆಯಬೇಕು. ಸುಮಾರು 750ರ ಕಾಲದ ಕಿತ್ತಯ್ಯನ ವೀರಗಲ್ಲು 2018ರಲ್ಲಿ ಅಲ್ಲಿ ಬೆಳಕಿಗೆ ಬಂದು ಉಳಿದುಕೊಂಡದ್ದು ಸ್ಥಳೀಯರ, ಶಾಸನಾಸಕ್ತರ ಕಾಳಜಿಯಿಂದ. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲಾ ಸಂಪುಟ ಪ್ರಕಟವಾದದ್ದು 1905ರಲ್ಲಿ. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಇಂದು ಇದ್ದಲ್ಲಿ ಇಲ್ಲ. ಉಳಿದವನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಕಾಪಿಡುವ ಕೆಲಸವನ್ನು ಮಿಥಿಕ್ ಸೊಸೈಟಿ 2021ರಲ್ಲಿ ಕೈಗೆತ್ತಿಕೊಂಡಿತು. ಅದನ್ನು ಮುನ್ನಡೆಸಿದ ಪಿ.ಎಲ್. ಉದಯಕುಮಾರ್ ವೃತ್ತಿಯಿಂದ ಇಂಜಿನಿಯರು. ಕನ್ನಡ ಎಂ.ಎ. ತರಗತಿಗಳಲ್ಲಿ ಶಾಸನಶಾಸ್ತ್ರ ಬೋಧಿಸುವ ನಮಗೆ ಇದು ಸಂಕೋಚದ ಸಂಗತಿಯಾಗಬೇಕಿತ್ತು.

ಕಲ್ಲನ್ನಾದರೂ ಸ್ಕ್ಯಾನ್ ಮಾಡಬಹುದು. ಗೊಟ್ಟಿಗೆರೆಯಲ್ಲಿ ಅದಕ್ಕಿಂತ ಬೇಗ ಕಳೆದುಹೋಗುತ್ತಿರುವುದು ಮಾತು. ಅಲ್ಲಿನ ಕೆರೆಯ ನೀರು ಹುಳಿಮಾವಿನ ಕಡೆಗೆ ಇಳಿಯುವಂಥದ್ದು. ಏರಿ, ತೂಬು, ಕೋಡಿ, ಅಚ್ಚುಕಟ್ಟು ಎಂಬ ಪದಗಳು ನಿಘಂಟಿನಲ್ಲಿ ಭದ್ರವಾಗಿವೆ ನಿಜ. ಆದರೆ ಯಾವ ಗದ್ದೆಗೆ ಏನು ಹೆಸರು, ನೀರುಗಂಟಿ ಯಾವ ಸರದಿಯಲ್ಲಿ ನೀರು ಬಿಡುತ್ತಿದ್ದ ಎಂಬುದು ಎಂಬತ್ತು ದಾಟಿದವರ ನೆನಪಿನಲ್ಲಿ ಮಾತ್ರ ಇರುತ್ತದೆ. ಗದ್ದೆ ಬಡಾವಣೆಯಾದ ಮೇಲೆ ಹೆಸರಿಗೆ ಕೆಲಸವಿಲ್ಲ. ಗೊಟ್ಟಿಗೆರೆ ಎಂದು ಗುರುತಿಸಲಾಗಿದ್ದ ಮೆಟ್ರೋ ನಿಲ್ದಾಣವೇ ಈಗ ಕಾಳೇನ ಅಗ್ರಹಾರ. ಅದೂ ಹಳೆಯ ಊರೇ, ಆಕ್ಷೇಪವಿಲ್ಲ. ಹೆಸರುಗಳು ಎಷ್ಟು ಸುಲಭವಾಗಿ ಸ್ಥಳ ಬಿಡುತ್ತವೆ ಎಂದಷ್ಟೇ ಹೇಳುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ಆ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿಯೊಬ್ಬ ಬೇಗೂರು ಶಾಸನದ ಮೇಲೆ ನಿಯೋಜಿತ ಬರಹ ತಂದಿದ್ದ. ಪುಸ್ತಕದಿಂದ ಇಳಿಸಿದ್ದು ಸ್ಪಷ್ಟವಾಗಿತ್ತು. ನಾನು ಗದರಿಸಿ, ನಿಮ್ಮೂರ ಹೊಲಗಳ ಹೆಸರಾದರೂ ಗೊತ್ತೇನಪ್ಪಾ ಎಂದೆ. ಮರುವಾರ ಆತ ಅಜ್ಜಿಯನ್ನು ಕೇಳಿ ಎರಡು ಹಾಳೆ ಬರೆದು ತಂದ. ಹೊಲಗಳ ಹೆಸರು, ಯಾವುದು ಯಾವುದರ ಮಗ್ಗುಲಲ್ಲಿತ್ತು, ಯಾವ ಕಾಲುವೆ ಎಲ್ಲಿ ಹಾಯುತ್ತಿತ್ತು. ಪಠ್ಯಕ್ರಮದಲ್ಲಿ ಅದಕ್ಕೆ ಜಾಗವಿರಲಿಲ್ಲ. ಮೊದಲಿನ ಬರಹಕ್ಕೇ ಆಂತರಿಕ ಅಂಕ ಹಾಕಿ, ಹಾಳೆಗಳನ್ನು ಅದರೊಡನೆ ಕಟ್ಟಿಟ್ಟೆ. ಮೂರು ವರ್ಷ ಕಳೆದ ಮೇಲೆ ಹಳೆಯ ಕಟ್ಟುಗಳೆಲ್ಲ ರದ್ದಿಗೆ ಹೋದವು. ಅವುಗಳಲ್ಲಿ ಆ ಎರಡು ಹಾಳೆಗಳೂ ಇದ್ದವು.