ಠಸ್ಸೆ ಹೇಳಿದ್ದು, ಹೇಳದೆ ಉಳಿದದ್ದು

2013ರ ಮಾರ್ಚ್ ತಿಂಗಳು. ಅಟ್ಲಾಂಟಿಕ್ ಸಾಗರದ ತಳದಿಂದ, 4 ಕಿಲೋಮೀಟರಿಗೂ ಹೆಚ್ಚು ಆಳದಿಂದ, ತುಕ್ಕು ಹಿಡಿದ ಭಾರಿ ಲೋಹದ ತುಂಡುಗಳನ್ನು ಮೇಲೆತ್ತಲಾಯಿತು. ಅಮೆರಿಕದ ಉದ್ಯಮಿ ಜೆಫ್ ಬೆಜೋಸ್ ಅವರ ತಂಡ ಈ ಕೆಲಸ ಮಾಡಿತ್ತು. ಇವು ಸ್ಯಾಟರ್ನ್-5 ರಾಕೆಟ್ಟಿನ ಮೊದಲ ಹಂತದ ಎಫ್-1 ಎಂಜಿನುಗಳ ಭಾಗಗಳು ಎಂಬುದರಲ್ಲಿ ಸಂಶಯವಿರಲಿಲ್ಲ. ಆದರೆ ಯಾವ ರಾಕೆಟ್ಟಿನವು? 1967ರಿಂದ 1973ರ ವರೆಗೆ ಇಂಥ 13 ರಾಕೆಟ್ಟುಗಳು ಹಾರಿದ್ದವು. ಒಂದೊಂದರಲ್ಲೂ ಐದೈದು ಎಂಜಿನು. ಒಟ್ಟು 65 ಎಂಜಿನುಗಳೂ ತಮ್ಮ ಎರಡು-ಮೂರು ನಿಮಿಷದ ಕೆಲಸ ಮುಗಿಸಿ ಅದೇ ಸಾಗರಕ್ಕೆ ಬಿದ್ದಿದ್ದವು.

ಕಾನ್ಸಾಸ್ ರಾಜ್ಯದ ವಸ್ತುಸಂಗ್ರಹಾಲಯವೊಂದರಲ್ಲಿ ತಜ್ಞರು ತಿಂಗಳುಗಟ್ಟಲೆ ಈ ತುಂಡುಗಳನ್ನು ತೊಳೆದರು. ಒಂದು ದಿನ ನೇರಳಾತೀತ ಬೆಳಕು ಬಿಟ್ಟು ನೋಡುತ್ತಿದ್ದಾಗ ಒಂದು ದಹನಕೋಶದ ಮೈಮೇಲೆ ಮಸುಕಾಗಿ ನಾಲ್ಕು ಅಂಕೆಗಳು ಕಂಡವು: 2044. ಇನ್ನಷ್ಟು ತುಕ್ಕು ತೆಗೆದಾಗ ಅದೇ ಸಂಖ್ಯೆ ಲೋಹದಲ್ಲೂ ಒತ್ತಿದ್ದು ಕಾಣಿಸಿತು. ಹಳೆಯ ದಾಖಲೆಗಳನ್ನು ತೆಗೆದು ನೋಡಿದರೆ, ಅದು 1969ರ ಜುಲೈ 16ರಂದು ಅಪೊಲೊ-11ನ್ನು ಹೊತ್ತು ಹಾರಿದ ರಾಕೆಟ್ಟಿನ ಐದನೆಯ ಎಂಜಿನು! ಮಾನವನನ್ನು ಮೊದಲ ಬಾರಿಗೆ ಚಂದ್ರನ ಮೇಲಿಳಿಸಿದ ಯಾತ್ರೆಯ ಸಾಕ್ಷಿ. ನಾಲ್ಕು ದಶಕ ಉಪ್ಪುನೀರಿನಲ್ಲಿ ಮುಳುಗಿದ್ದರೂ ಆ ನಾಲ್ಕು ಅಂಕೆಗಳು ತಮ್ಮ ಕೆಲಸ ಮರೆತಿರಲಿಲ್ಲ.

ಯಂತ್ರದ ಮೈಮೇಲೆ ಇಂಥ ಗುರುತುಗಳನ್ನು ಏಕೆ ಹಾಕುತ್ತಾರೆ? ಅವುಗಳನ್ನು ಓದುವುದು ಹೇಗೆ?

ಅಪೊಲೊ ಕಾಲದ ಯಾವುದೇ ಉಪಕರಣವನ್ನು ತೆಗೆದುಕೊಳ್ಳಿ. ಅದರ ಮೇಲೆ ಮೊದಲು ಕಾಣುವುದು ಎರಡು ಸಂಖ್ಯೆಗಳು. ಒಂದು ಭಾಗಸಂಖ್ಯೆ, ಅದು ಯಾವ ನಕ್ಷೆಯ ಪ್ರಕಾರ ತಯಾರಾಯಿತು ಎಂಬುದನ್ನು ಹೇಳುತ್ತದೆ. ಇನ್ನೊಂದು ಕ್ರಮಸಂಖ್ಯೆ. ಭಾಗಸಂಖ್ಯೆ ‘ಹತ್ತನೆಯ ತರಗತಿ’ ಎಂದಂತೆ, ಕ್ರಮಸಂಖ್ಯೆ ಹಾಜರಿ ಪುಸ್ತಕದ ನಂಬರಿನಂತೆ. ಒಂದೇ ಭಾಗಸಂಖ್ಯೆಯ ವಸ್ತುಗಳು ನೂರಾರು ಇರಬಹುದು. ಕ್ರಮಸಂಖ್ಯೆ ಮಾತ್ರ ಒಂದಕ್ಕೆ ಒಂದೇ.

ಟ್ರಾನ್ಸಿಸ್ಟರ್, ಚಿಪ್ಪುಗಳಂಥ ಬಿಡಿಭಾಗಗಳ ಮೇಲೆ ನಾಲ್ಕಂಕಿಯ ದಿನಾಂಕ ಸಂಕೇತವಿರುತ್ತದೆ. 6842 ಎಂದಿದ್ದರೆ 1968ನೆಯ ಇಸವಿಯ 42ನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಅಪೊಲೊ ನೌಕೆಯ ಗಣಕಯಂತ್ರವೊಂದರಲ್ಲೇ ಸುಮಾರು 2800 ಚಿಪ್ಪುಗಳಿದ್ದವು. ಒಂದು ಚಿಪ್ಪು ಕೆಟ್ಟರೆ ಅದೇ ವಾರ ತಯಾರಾದ ಅದರ ಸೋದರರು ಎಲ್ಲೆಲ್ಲಿ ಕುಳಿತಿದ್ದಾರೆ ಎಂದು ಹುಡುಕಲು ಈ ಸಂಕೇತ ಬೇಕು.

ಇನ್ನು ಬೆರಳ ತುದಿಯಷ್ಟೇ ದೊಡ್ಡದಾದ ಶಾಯಿಯ ಠಸ್ಸೆಗಳು. ವೃತ್ತ, ಚೌಕ, ತ್ರಿಕೋನ, ಒಳಗೊಂದು ಸಂಖ್ಯೆ. ಇವು ತಪಾಸಣೆಗಾರರ ಸಹಿಗಳು. ಪ್ರತಿಯೊಬ್ಬ ತಪಾಸಣೆಗಾರನಿಗೂ ಅವನದೇ ಸಂಖ್ಯೆಯ ಠಸ್ಸೆ. ಒಬ್ಬರದನ್ನು ಇನ್ನೊಬ್ಬರು ಒತ್ತುವಂತಿಲ್ಲ. ಬೆಸುಗೆ ನೋಡಿದವನದೊಂದು, ವಿದ್ಯುತ್ ಪರೀಕ್ಷೆ ಮಾಡಿದವನದೊಂದು, ಸರ್ಕಾರದ ಪರವಾಗಿ ನೋಡಿದವನದು ಮತ್ತೊಂದು, ಹೀಗೆ ಸಾಲಾಗಿ ಇರುತ್ತವೆ. ನಾಸಾ ಸಂಸ್ಥೆ 1962ರಲ್ಲೇ ‘ಎನ್‌ಪಿಸಿ 200-2’ ಎಂಬ ಗುಣಮಟ್ಟದ ನಿಯಮಾವಳಿ ಹೊರಡಿಸಿ ತನ್ನ ಗುತ್ತಿಗೆದಾರರನ್ನು ಶಿಸ್ತಿಗೆ ಒಳಪಡಿಸಿತ್ತು. ಸೋವಿಯತ್ ಒಕ್ಕೂಟದ ಕಾರ್ಖಾನೆಗಳಲ್ಲಿ ಈ ಕೆಲಸ ‘ಓಟಿಕೆ’ ಎಂಬ ತಾಂತ್ರಿಕ ನಿಯಂತ್ರಣ ವಿಭಾಗದ್ದು. ಅಲ್ಲಿನ ವಸ್ತುಗಳ ಮೇಲೂ ಅದರ ಮುದ್ರೆ ಕಾಣುತ್ತದೆ.

ಬೋಲ್ಟಿನ ತಲೆಯಿಂದ ಪಕ್ಕದ ಲೋಹದ ಮೇಲೆ ಎಳೆದ ಒಂದು ಹನಿ ಬಣ್ಣದ ಅರಗೂ ಒಂದು ಭಾಷೆಯೇ. ಈ ಬೋಲ್ಟನ್ನು ನಿಗದಿತ ಬಿಗಿಗೆ ತಿರುಗಿಸಿ ಆಗಿದೆ ಎಂದು ಅದರ ಅರ್ಥ. ಆಮೇಲೆ ಬೋಲ್ಟು ಕೊಂಚ ಸಡಿಲಿದರೂ ಅರಗು ಬಿರುಕು ಬಿಟ್ಟು ಗುಟ್ಟು ರಟ್ಟು ಮಾಡುತ್ತದೆ. ‘ಹಾರಾಟಕ್ಕಲ್ಲ’ ಎಂಬ ಬರಹವಿದ್ದರೆ ಅದು ತರಬೇತಿಗೋ ಪರೀಕ್ಷೆಗೋ ಮಾಡಿದ ವಸ್ತು.

ಒಂದು ಎಚ್ಚರಿಕೆ. ಠಸ್ಸೆಯ ಆಕಾರ ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಇಲ್ಲಿ ವೃತ್ತಕ್ಕಿರುವ ಅರ್ಥ ಅಲ್ಲಿ ತ್ರಿಕೋನಕ್ಕಿರಬಹುದು. ಆದ್ದರಿಂದ ಠಸ್ಸೆಯನ್ನಷ್ಟೇ ನೋಡಿ ತೀರ್ಪು ಕೊಡುವಂತಿಲ್ಲ. ಜೊತೆಗಿದ್ದ ಕಡತವನ್ನೂ ಓದಬೇಕು. ಠಸ್ಸೆ ಎಂದರೆ ಆ ಕಡತದ ಬಾಗಿಲಿನ ಬೀಗದ ಕೈ ಅಷ್ಟೇ.

ಹಾಗಾದರೆ ಎಲ್ಲ ಠಸ್ಸೆಗಳೂ ಬಿದ್ದ ವಸ್ತು ದೋಷರಹಿತವೇ? ಇಲ್ಲಿ ಇನ್ನೊಂದು ಸಂಖ್ಯೆಯ ಕಥೆ ಕೇಳಬೇಕು. ಇದು ಅಪೊಲೊ-13ರ ಎರಡನೆಯ ಆಮ್ಲಜನಕ ತೊಟ್ಟಿಯ ಕ್ರಮಸಂಖ್ಯೆ.

ಬೀಚ್ ಏರ್‌ಕ್ರಾಫ್ಟ್ ಕಂಪನಿ ತಯಾರಿಸಿದ ಈ ತೊಟ್ಟಿ ಪರೀಕ್ಷೆಗಳನ್ನು ದಾಟಿ 1967ರಲ್ಲಿ ನೌಕೆ ಕಟ್ಟುತ್ತಿದ್ದ ನಾರ್ತ್ ಅಮೆರಿಕನ್ ಕಂಪನಿಯನ್ನು ಸೇರಿತು. ಮೊದಲು ಅದನ್ನು ಕೂರಿಸಿದ್ದು ಅಪೊಲೊ-10ರ ನೌಕೆಯಲ್ಲಿ. 1968ರ ಅಕ್ಟೋಬರಿನಲ್ಲಿ ಮಾರ್ಪಾಡಿಗೆಂದು ತೊಟ್ಟಿಗಳಿದ್ದ ಇಡೀ ಕಪಾಟನ್ನು ಹೊರತೆಗೆಯುವಾಗ ಒಂದು ಬೋಲ್ಟನ್ನು ಬಿಚ್ಚುವುದು ಮರೆತುಹೋಯಿತು. ಎತ್ತುಗ ಮುರಿದು ಕಪಾಟು ಸುಮಾರು 5 ಸೆಂಟಿಮೀಟರ್ ಕೆಳಕ್ಕೆ ಕುಸಿಯಿತು. ಹೊರಗಿನಿಂದ ನೋಡಿದರು, ಪರೀಕ್ಷಿಸಿದರು, ದೋಷ ಕಾಣಲಿಲ್ಲ. ತೊಟ್ಟಿ ಅಪೊಲೊ-13ಕ್ಕೆ ಹೋಯಿತು.

1970ರ ಮಾರ್ಚ್‌ನಲ್ಲಿ ಉಡಾವಣೆಯ ತಾಲೀಮು ನಡೆದಾಗ ಈ ತೊಟ್ಟಿಯಿಂದ ಆಮ್ಲಜನಕ ಸರಿಯಾಗಿ ಖಾಲಿಯಾಗಲಿಲ್ಲ. ಹಿಂದೆ ಬಿದ್ದಾಗ ಒಳಗಿನ ಕೊಳವೆ ಪಲ್ಲಟವಾಗಿದ್ದಿರಬಹುದು. ಒಳಗಿದ್ದ ಹೀಟರನ್ನು ಎಂಟು ಗಂಟೆ ಉರಿಸಿ ಆಮ್ಲಜನಕವನ್ನು ಆವಿ ಮಾಡಿ ತೆಗೆದರು. 27 ಡಿಗ್ರಿ ಸೆಲ್ಸಿಯಸ್ ದಾಟದಂತೆ ಕಾಯಲು ಒಳಗೆ ಥರ್ಮೋಸ್ಟಾಟ್ ಸ್ವಿಚ್ಚುಗಳಿದ್ದವಲ್ಲ!

ಎಡವಿದ್ದು ಅಲ್ಲಿಯೇ. ನೌಕೆಯ ವಿದ್ಯುತ್ತು 28 ವೋಲ್ಟಿನದು. ಉಡಾವಣಾ ಕೇಂದ್ರದಲ್ಲಿ ನೆಲದಿಂದ ಕೊಡುತ್ತಿದ್ದದ್ದು 65 ವೋಲ್ಟು. ಇದಕ್ಕೆ ತಕ್ಕಂತೆ 1965ರಲ್ಲೇ ಹೀಟರಿನ ವಿವರಣಾಪತ್ರವನ್ನು ತಿದ್ದಲಾಗಿತ್ತು. ಸ್ವಿಚ್ಚುಗಳನ್ನು ಮಾತ್ರ ಯಾರೂ ಬದಲಾಯಿಸಲಿಲ್ಲ. 65 ವೋಲ್ಟಿನಲ್ಲಿ ಸ್ವಿಚ್ಚು ತೆರೆಯಲು ಹೋದೊಡನೆ ಕಿಡಿ ಹಾರಿ ಅದರ ತುದಿಗಳು ಬೆಸೆದುಕೊಂಡವು. ಹೀಟರು ಆರಲೇ ಇಲ್ಲ. ತಾಪಮಾನ ತೋರಿಸುವ ಮಾಪಕದ ಕೊನೆಯ ಗೆರೆಯೇ 27 ಡಿಗ್ರಿ. ಮುಳ್ಳು ಅಲ್ಲಿಗೇ ನಿಂತಿತ್ತು. ಒಳಗೆ ಹೀಟರಿನ ಕೊಳವೆ ಕೆಲವೆಡೆ ಸುಮಾರು 540 ಡಿಗ್ರಿ ಮುಟ್ಟಿರಬಹುದೆಂದು ಆಮೇಲೆ ಲೆಕ್ಕ ಹಾಕಲಾಯಿತು. ತಂತಿಗಳ ಮೇಲಿನ ಟೆಫ್ಲಾನ್ ಹೊದಿಕೆ ಸುಟ್ಟು ಬಿರಿಯಿತು. ಈ ತೊಟ್ಟಿಯನ್ನೇ ಹಾರಿಸಬಹುದೆಂದು ತೀರ್ಮಾನಿಸಿದ ಅನೇಕರಿಗೆ ಹೀಟರು ಅಷ್ಟು ಹೊತ್ತು ಉರಿದದ್ದೇ ತಿಳಿದಿರಲಿಲ್ಲ.

ಏಪ್ರಿಲ್ 11ರಂದು ಅಪೊಲೊ-13 ಹಾರಿತು. ಏಪ್ರಿಲ್ 13ರ ರಾತ್ರಿ, ಭೂಮಿಯಿಂದ 3 ಲಕ್ಷ ಕಿಲೋಮೀಟರಿಗೂ ದೂರದಲ್ಲಿ, ತೊಟ್ಟಿಯೊಳಗಿನ ಫ್ಯಾನು ಹಾಕಿದ ಒಂದೂವರೆ ನಿಮಿಷದಲ್ಲಿ ಸ್ಫೋಟವಾಯಿತು. ಲೊವೆಲ್, ಸ್ವಿಗರ್ಟ್, ಹೇಯ್ಸ್ ಎಂಬ ಮೂವರು ಯಾತ್ರಿಗಳು ಚಂದ್ರನ ಮೇಲಿಳಿಯಲು ಕೊಂಡೊಯ್ದಿದ್ದ ಪುಟ್ಟ ನೌಕೆಯಲ್ಲೇ ಆಶ್ರಯ ಪಡೆದು ಏಪ್ರಿಲ್ 17ರಂದು ಜೀವಸಹಿತ ಮರಳಿದ್ದು ಬೇರೆಯೇ ಕಥೆ.

ಸ್ಫೋಟವಾದ ತೊಟ್ಟಿ ತನಿಖಾ ಮಂಡಳಿಯ ಕೈಗೆ ಸಿಗಲಿಲ್ಲ. ಸಿಕ್ಕಿದ್ದು ನೌಕೆ ಕಳಿಸಿದ್ದ ಸಂಕೇತಗಳು, ಮತ್ತು ಆ ಕ್ರಮಸಂಖ್ಯೆಯ ಹಿಂದೆ ಸಾಲುಗಟ್ಟಿದ್ದ ಕಾಗದಗಳು. ಕಪಾಟು ಬಿದ್ದದ್ದು, ಹೀಟರು ಉರಿದದ್ದು, 65 ವೋಲ್ಟು, 28 ವೋಲ್ಟು, ಎಲ್ಲವೂ ಅಲ್ಲಿದ್ದವು. ಎರಡು ತಿಂಗಳಲ್ಲಿ ವರದಿ ಹೊರಬಿತ್ತು. ಮುಂದಿನ ನೌಕೆಗಳ ತೊಟ್ಟಿಯನ್ನು ಬದಲಾಯಿಸಲಾಯಿತು.

ಇಲ್ಲಿ ಠಸ್ಸೆ ಒತ್ತಿದವರಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ ಎಂಬುದನ್ನು ಗಮನಿಸಿ. ‘ಈ ದಿನ, ಈ ಕಾಗದದಲ್ಲಿ ಬರೆದಂತೆ, ಈ ವಸ್ತು ಇದೆ’ ಎಂದಷ್ಟೇ ಠಸ್ಸೆ ಹೇಳುತ್ತದೆ. ಕಾಗದವೇ ತಪ್ಪಿದ್ದರೆ, ಆ ದಿನದ ನಂತರ ಏನಾದರೂ ಆಗಿದ್ದರೆ, ಅದು ಠಸ್ಸೆಗೆ ತಿಳಿಯದು. ಸ್ವಿಚ್ಚು ತನ್ನ ಹಳೆಯ ವಿವರಣಾಪತ್ರದ ಮಟ್ಟಿಗೆ ಸರಿಯಾಗಿಯೇ ಇತ್ತು. 65 ವೋಲ್ಟಿನಲ್ಲಿ ಅದನ್ನು ಯಾರೂ ತೆರೆದು ನೋಡಿರಲಿಲ್ಲ, ಅಷ್ಟೇ.

ಮಕ್ಕಳ ಅಂಕಪಟ್ಟಿಯೂ ಒಂದು ಠಸ್ಸೆಯೇ. ಆ ದಿನ, ಆ ಪ್ರಶ್ನೆಪತ್ರಿಕೆಗೆ, ಈ ಹುಡುಗಿ ಹೀಗೆ ಉತ್ತರಿಸಿದಳು ಎಂದು ಅದು ಹೇಳುತ್ತದೆ. ಅದು ನಿಜ, ಬೇಕಾದದ್ದೂ ಹೌದು. ಆದರೆ ಕೇಳದ ಪ್ರಶ್ನೆಗಳ ವಿಷಯ ಅದರಲ್ಲಿಲ್ಲ. ಹೆಚ್ಚು ಅಂಕ ಬಂತೆಂದು ಬೀಗುವ ಮೊದಲು, ಕಡಿಮೆ ಬಂತೆಂದು ಗದರಿಸುವ ಮೊದಲು, ಪೋಷಕರು ಇದನ್ನು ನೆನೆಯುವುದು ಒಳ್ಳೆಯದು.

ಮಾಡಿ ನೋಡಿ: ಈ ವಾರ ಮನೆಯ ಅಡುಗೆ ಅನಿಲದ ಸಿಲಿಂಡರಿನ ಕೊರಳ ಪಟ್ಟಿಯನ್ನು ಓದಿ. ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು, ಮುಂದೆ ಎರಡಂಕಿ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಬಿ ಎಂದರೆ ಏಪ್ರಿಲ್‌ನಿಂದ ಜೂನ್, ಸಿ ಜುಲೈಯಿಂದ ಸೆಪ್ಟೆಂಬರ್, ಡಿ ಅಕ್ಟೋಬರ್‌ನಿಂದ ಡಿಸೆಂಬರ್. ‘ಬಿ-31’ ಎಂದಿದ್ದರೆ 2031ರ ಜೂನ್ ಒಳಗೆ ಸಿಲಿಂಡರನ್ನು ಮತ್ತೆ ಪರೀಕ್ಷೆಗೆ ಒಳಪಡಿಸಬೇಕು. ಅವಧಿ ಮೀರಿದ್ದರೆ ಹಿರಿಯರಿಗೆ ತಿಳಿಸಿ, ವಾಪಸು ಮಾಡಿಸಿ. ಅವಧಿ ಇದ್ದರೂ, ಹೊಸ ಸಿಲಿಂಡರು ಜೋಡಿಸಿದ ಮೇಲೆ ಅನಿಲ ಸೋರುತ್ತಿದೆಯೇ ಎಂದು ಹಿರಿಯರು ಸಾಬೂನು ನೀರು ಹಚ್ಚಿ ನೋಡಲಿ. ಅದನ್ನು ಯಾವ ಠಸ್ಸೆಯೂ ಹೇಳುವುದಿಲ್ಲ.