ಬಾಯಿಗೆ ಬಾರದ ಇಂಗ್ಲಿಷ್

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಪಾಠ ಶುರುವಾಗುತ್ತದೆ. ಕನ್ನಡ ಮಾಧ್ಯಮದ ವಿದ್ಯಾರ್ಥಿ ಎಸೆಸೆಲ್ಸಿ ಮುಗಿಸುವ ಹೊತ್ತಿಗೆ ಹತ್ತು ವರ್ಷ ಆ ಭಾಷೆಯನ್ನು ಓದಿರುತ್ತಾನೆ. ಪದ್ಯದ ಸಾರಾಂಶ ಬರೆಯುತ್ತಾನೆ, ಕರ್ತರಿ ಪ್ರಯೋಗವನ್ನು ಕರ್ಮಣಿಗೆ ತಿರುಗಿಸುತ್ತಾನೆ. ಪಿಯುಸಿ ಸೇರಿದ ದಿನ ಯಾರಾದರೂ ಇಂಗ್ಲಿಷಿನಲ್ಲಿ ಊರು ಯಾವುದೆಂದು ಕೇಳಿದರೆ ಮಾತ್ರ ತಡವರಿಸುತ್ತಾನೆ.

ವ್ಯಾಕರಣ ಸಾಲದ್ದೇ ಇದಕ್ಕೆ ಕಾರಣವೆಂದು ಹೇಳುವುದುಂಟು. ಆದರೆ ಮಕ್ಕಳ ತಪ್ಪುಗಳನ್ನು ಹತ್ತಿರದಿಂದ ನೋಡಿದರೆ ಅವುಗಳ ಹಿಂದೆಯೂ ಒಂದು ವ್ಯಾಕರಣ ಕಾಣುತ್ತದೆ: ಕನ್ನಡದ್ದು. ಕನ್ನಡದಲ್ಲಿ ಜ್ವರ ತಾನಾಗಿ ಮನುಷ್ಯನಿಗೆ ಬರುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯ ಕರ್ತೃ, ಜ್ವರ ಅವನಲ್ಲಿರುವ ಸೊತ್ತು. ಹೀಗೆ ಹುಟ್ಟುತ್ತದೆ ‘ಫೀವರ್ ಹ್ಯಾಸ್ ಕಮ್ ಟು ಮಿ’. ಮೇಷ್ಟ್ರನ್ನು ಏಕವಚನದಲ್ಲಿ ಹೇಳಲು ನಾಲಿಗೆ ಏಳದ ಹುಡುಗಿ, ಅವರೊಬ್ಬರೇ ಇದ್ದರೂ ‘ದೇ ಆರ್ ಇನ್ ದ ಆಫೀಸ್’ ಎನ್ನುತ್ತಾಳೆ. ‘ಬಂದನು’ ಎಂಬುದು ‘ಬಂದನಾ’ ಆದರೆ ಕನ್ನಡದಲ್ಲಿ ಪ್ರಶ್ನೆ ಮುಗಿಯಿತು; ಇಂಗ್ಲಿಷಿನಲ್ಲಿ ಅದಕ್ಕೆ ಸಹಾಯಕ ಕ್ರಿಯಾಪದವೊಂದನ್ನು ಕರೆತಂದು ಕರ್ತೃವಿನ ಮುಂದೆ ನಿಲ್ಲಿಸಬೇಕು.

ಎಲ್ಲಕ್ಕಿಂತ ತೊಡಕಿನದು ಕ್ರಿಯಾಪದದ ಜಾಗ. ಕನ್ನಡದಲ್ಲಿ ಯಾರು, ಯಾವಾಗ, ಎಲ್ಲಿಂದ ಎಂಬುದನ್ನೆಲ್ಲ ಹೇಳಿಕೊಂಡು ಹೋಗಿ ಕೊನೆಗೆ ಕ್ರಿಯೆಗೆ ಬಂದರಾಯಿತು. ಕಾಲವನ್ನು ಗೊತ್ತುಮಾಡಲು ಅಷ್ಟು ಪುರಸೊತ್ತು ಸಿಗುತ್ತದೆ. ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬೇಕು, ಅದೂ ಸರಿಯಾದ ಕಾಲದಲ್ಲಿ. ‘ಐ…’ ಎಂದ ಕೂಡಲೇ ಮಾತು ನಿಲ್ಲುವುದು ಇದರಿಂದ. ಬರೆಯುವಾಗ ಯೋಚಿಸಲು ಸಮಯವಿರುತ್ತದೆ, ಮಾತಿನಲ್ಲಿ ಅದಿಲ್ಲ.

ಉಚ್ಚಾರಣೆಯ ಕಥೆ ಬೇರೆ. ಕನ್ನಡದ ಪದಗಳು ಹೆಚ್ಚಾಗಿ ಸ್ವರದಲ್ಲೇ ಮುಗಿಯುತ್ತವೆ, ಅದಕ್ಕೇ ಬಸ್ಸು, ಕಾರು. ಮೊದಲಲ್ಲಿ ಒತ್ತಕ್ಷರ ಬಂದರೆ ಇಸ್ಕೂಲು. ಬರೆದಂತೆ ಓದುವ ಲಿಪಿಗೆ ಒಗ್ಗಿದ ಕಣ್ಣಿಗೆ ಬರೆದದ್ದೊಂದು, ಓದುವುದು ಇನ್ನೊಂದು ಎನ್ನುವ ಇಂಗ್ಲಿಷ್ ಕಾಗುಣಿತ ಮೋಸದಂತೆಯೇ ಕಾಣುತ್ತದೆ. ಪಠ್ಯದ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಕನ್ನಡ ಅಕ್ಷರ ಬರೆದುಕೊಂಡು ಓದುವ ಉಪಾಯ ಇದರಿಂದಲೇ ಬಂದದ್ದು. ಹೆಚ್ಚು ನಗೆಗೀಡಾಗುವುದು ಉಚ್ಚಾರಣೆ, ಆದರೆ ಬಸ್ಸು, ಇಸ್ಕೂಲು ಎಂದರೂ ಕೇಳುವವರಿಗೆ ಅರ್ಥವಾಗುತ್ತದೆ.

ಬಾಯಿ ಕಟ್ಟುವುದು ಆ ನಗೆ. ‘ಫೀವರ್ ಹ್ಯಾಸ್ ಕಮ್’ ಎಂದರೆ ತರಗತಿಗೆಲ್ಲ ಅರ್ಥವಾಗುತ್ತದೆ, ಆದರೂ ಹಿಂದಿನ ಬೆಂಚು ನಗುತ್ತದೆ. ಹಾಗೆಂದ ಹುಡುಗ ಮುಂದೆ ಕೈ ಎತ್ತುವುದಿಲ್ಲ. ಅಂಜಿಕೆ ಹೆಚ್ಚಾದಷ್ಟೂ ಕೇಳಿದ ಭಾಷೆ ಒಳಗಿಳಿಯದು ಎಂದು ಅಮೆರಿಕದ ಭಾಷಾವಿಜ್ಞಾನಿ ಸ್ಟೀಫನ್ ಕ್ರಾಶನ್ ವಾದಿಸಿದ್ದರು. ಕನ್ನಡ ಆಡಿದರೆ ದಂಡ ಹಾಕುವ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಈ ಅಂಜಿಕೆ ಇನ್ನೊಂದು ವೇಷದಲ್ಲಿರುತ್ತದೆ. ಅಲ್ಲಿನ ಮಕ್ಕಳು ‘ಮೇ ಐ ಕಮಿನ್’ನಂಥ ಹತ್ತಾರು ಸಿದ್ಧ ವಾಕ್ಯಗಳಲ್ಲಿ ದಿನ ಕಳೆದು, ಜಗಳ ಬಂದಾಗ ಕನ್ನಡಕ್ಕೇ ಮರಳುತ್ತಾರೆ.

ಇನ್ನು ಮಾತಾಡಲು ಅವಕಾಶ. ನಲವತ್ತು ನಿಮಿಷದ ಪಿರಿಯಡ್ಡಿನಲ್ಲಿ ನಲವತ್ತು ಮಕ್ಕಳಿದ್ದರೆ, ಮೇಷ್ಟ್ರು ಇಡೀ ಹೊತ್ತು ಸುಮ್ಮನಿದ್ದರೂ ಒಬ್ಬೊಬ್ಬರಿಗೆ ಸಿಗುವುದು ಒಂದೇ ನಿಮಿಷ. ಮೇಷ್ಟ್ರು ಸುಮ್ಮನಿರುವುದೂ ಇಲ್ಲ. ಪಾಠವನ್ನು ಕನ್ನಡದಲ್ಲಿ ವಿವರಿಸಿ ಪ್ರಶ್ನೋತ್ತರ ಬರೆಸುತ್ತಾರೆ. ಅವರನ್ನು ದೂರುವುದು ಸುಲಭ, ನ್ಯಾಯವಲ್ಲ. ಎಸೆಸೆಲ್ಸಿಯಲ್ಲಿ ದ್ವಿತೀಯ ಭಾಷೆಯಾದ ಇಂಗ್ಲಿಷಿನ ನೂರು ಅಂಕಗಳಲ್ಲಿ 80 ಲಿಖಿತ ಪರೀಕ್ಷೆಯವು, ಶಾಲೆಯ ಫಲಿತಾಂಶ ಅಳೆಯುವವರು ನೋಡುವುದೂ ಅದನ್ನೇ. ಈ ನಡುವೆ ಸಾವಿರ ಸರ್ಕಾರಿ ಶಾಲೆಗಳಲ್ಲಿ 2019-20ರಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯುವ ತೀರ್ಮಾನವಾಯಿತು. ಆದರೆ ಕಲಿಸುವವರಿಗೇ ಮಾತಿನ ರೂಢಿ ಇಲ್ಲದಿದ್ದರೆ ಮಾಧ್ಯಮ ಬದಲಾದ ಮಾತ್ರಕ್ಕೆ ಮಕ್ಕಳ ಬಾಯಿ ಬಿಚ್ಚದು.

ಬೇರೆ ದಾರಿಯೊಂದನ್ನು ಬೆಂಗಳೂರೇ ಹಿಂದೆ ತೋರಿಸಿತ್ತು. ಇಂಗ್ಲಿಷ್ ಬೋಧನೆಯ ತಜ್ಞ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಹೆಸರಾಯಿತು. ಅಲ್ಲಿ ವ್ಯಾಕರಣದ ಪಾಠವಿರಲಿಲ್ಲ. ನಕಾಶೆ ಅಥವಾ ರೈಲಿನ ವೇಳಾಪಟ್ಟಿ ಮುಂದಿಟ್ಟು, ಇಷ್ಟು ಗಂಟೆಗೆ ಇಂಥ ಊರು ಮುಟ್ಟಲು ಯಾವ ರೈಲು ಹಿಡಿಯಬೇಕು ಎಂಬಂಥ ಲೆಕ್ಕ ಕೊಡುತ್ತಿದ್ದರು. ಗಮನವೆಲ್ಲ ಉತ್ತರ ಹುಡುಕುವುದರಲ್ಲಿ ಇರುವಾಗ ಭಾಷೆ ತಾನಾಗಿ ಹತ್ತುತ್ತದೆ ಎಂಬುದು ಅವರ ನಂಬಿಕೆ. ತಪ್ಪಾದರೆ ಅದನ್ನೇ ಹಿಡಿದು ಪಾಠ ಮಾಡದೆ, ಮಾತಿನ ನಡುವೆಯೇ ತಿದ್ದಿ ಮುಂದೆ ಹೋಗುತ್ತಿದ್ದರು. ಈ ವಿಧಾನಕ್ಕೆ ಟೀಕಾಕಾರರೂ ಇದ್ದರು, ಆದರೆ ಲೋಕದ ಭಾಷಾಬೋಧನೆಯ ಚರ್ಚೆಯಲ್ಲಿ ಅದು ಇಂದಿಗೂ ಬರುತ್ತದೆ.

ಹಾಗೆ ಭಾಷೆ ಹತ್ತುತ್ತದೆ ಎಂಬುದಕ್ಕೆ ಸಾಕ್ಷಿ ಊರೂರಿನಲ್ಲಿದೆ. ಮನೆಯಲ್ಲಿ ತುಳು, ಉರ್ದು, ಕೊಂಕಣಿ, ಲಂಬಾಣಿ ಆಡುವ ಮಕ್ಕಳು ಕನ್ನಡವನ್ನು ಕಲಿಯುವುದು ಓಣಿಯ ಆಟದಲ್ಲಿ, ಅಂಗಡಿಯ ಕಟ್ಟೆಯಲ್ಲಿ. ಅಲ್ಲಿ ವಿಭಕ್ತಿ ತಪ್ಪಿದರೂ ಆಟ ನಿಲ್ಲುವುದಿಲ್ಲ. ಅಂಕಪಟ್ಟಿ ಏನೇ ಹೇಳಲಿ, ಅವರ ಪಾಲಿಗೆ ಇಂಗ್ಲಿಷ್ ಮೂರನೆಯ ಭಾಷೆ. ಹಳ್ಳಿಯಲ್ಲಿ ಅದಕ್ಕೆ ಅಂಥ ಓಣಿಯಾಗಲಿ ಕಟ್ಟೆಯಾಗಲಿ ಇಲ್ಲ, ಇರುವುದು ದಿನಕ್ಕೊಂದು ಪಿರಿಯಡ್ಡು.