ತಂತಿ ಮುಟ್ಟಬೇಡ ಎನ್ನುವವರಿಗೆ

ಹೆಣ್ಣಿನ ಕೈ ಉರಿಯುವ ಒಲೆಗೆ ಆಗುತ್ತದೆ, ಕುದಿಯುವ ಎಣ್ಣೆಗೆ ಆಗುತ್ತದೆ, ಒದ್ದೆ ನೆಲದ ಮೇಲೆ ನಿಂತು ಮಿಕ್ಸಿಯ ಗುಂಡಿ ಒತ್ತಲಿಕ್ಕೂ ಆಗುತ್ತದೆ. ಅದೇ ಕೈ ಒಂದು ಗೇಣು ವೈರು ಹಿಡಿದು ಕೂತರೆ ಮಾತ್ರ ಮನೆಮಂದಿಯೆಲ್ಲ ‘ಮುಟ್ಟಬ್ಯಾಡ, ಶಾಕ್ ಹೊಡೀತದ’ ಎಂದು ಓಡಿ ಬರುತ್ತಾರೆ. ಈ ಕಾಳಜಿಯಲ್ಲಿ ಪ್ರೀತಿ ಇಲ್ಲ ಎನ್ನಲಾರೆ. ಆದರೆ ಬುದ್ಧಿ ಇದೆ ಎಂದೂ ಹೇಳಲಾರೆ.

ನಾನು ಬಿ.ಎ., ಬಿ.ಎಡ್. ಮಾಡಿದ ಸಮಾಜ ವಿಜ್ಞಾನದ ಮೇಡಂ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂದು ವರ್ಗವಾದಲ್ಲೆಲ್ಲ ಗಂಟುಮೂಟೆ ಕಟ್ಟಿಕೊಂಡು ಹೋದವಳು. ನಾನು ನೋಡುತ್ತಿದ್ದಂತೆಯೇ ಜಿಲ್ಲೆಗಳು ಬದಲಾದವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆ ಸೇರಿತು. ಬದಲಾಗದೆ ಇದ್ದಲ್ಲೇ ಉಳಿದದ್ದು ‘ಹೆಣ್ಣುಮಕ್ಕಳಿಗೆ ಕರೆಂಟಿನ ಉಸಾಬರಿ ಯಾಕೆ’ ಎಂಬ ಮಾತೊಂದೇ.

ಮಾತು ಎದ್ದದ್ದು ಮೀನಿನ ತೊಟ್ಟಿಯಿಂದ. ನಮ್ಮ ಮನೆಯಲ್ಲಿ ಎರಡು ಚಿಕ್ಕ ಗಾಜಿನ ತೊಟ್ಟಿಗಳಿವೆ, ಎರಡಕ್ಕೂ ಎಲ್‌ಇಡಿ ದೀಪ. ಪೂರ್ತಿ ಬೆಳಕನ್ನು ದಿನವಿಡೀ ಬಿಟ್ಟರೆ ಗಾಜಿಗೆಲ್ಲ ಪಾಚಿ. ಕತ್ತಲಲ್ಲಿ ಫಕ್ಕನೆ ಹಾಕಿದರೆ ಮೀನು ಬೆದರಿ ಗಾಜಿಗೆ ಬಡಿದುಕೊಳ್ಳುತ್ತವೆ. ಅದಕ್ಕೇ ಬೆಳಕನ್ನು ಹೆಚ್ಚುಕಡಿಮೆ ಮಾಡುವ ಡಿಮ್ಮರ್ ಬೇಕು. ದೀಪಕ್ಕೊಂದು ಡಿಮ್ಮರ್ ಯಾಕೆ, ಒಂದರಿಂದಲೇ ಎರಡಕ್ಕೂ ಕವಲು ತೆಗೆಯೋಣ ಎಂದು ಸಾಮಾನು ಕೇಳಲು ಹೋದರೆ ಅಂಗಡಿಯವನು, ‘ಯಜಮಾನ್ರನ್ನ ಕಳಸ್ರಿ ಮೇಡಂ, ಅವರಿಗೆ ಹೇಳ್ತೀನಿ’ ಅಂದ. ನಮ್ಮ ಯಜಮಾನರಿಗೆ ಟಾರ್ಚಿಗೆ ಸೆಲ್ಲು ಹಾಕುವುದೂ ನಾನೇ ಎಂದು ಅವನಿಗೇನು ಗೊತ್ತು!

ಆ ಕವಲಿನಲ್ಲಿ ಇರುವುದಾದರೂ ಏನು? ಹತ್ತನೆಯ ತರಗತಿಯ ಹುಡುಗಿಯರು ಅಂಕಕ್ಕಾಗಿ ಬಾಯಿಪಾಠ ಮಾಡುವ ಸಮಾಂತರ ಜೋಡಣೆ, ಅಷ್ಟೆ. ಡಿಮ್ಮರಿನಿಂದ ಬರುವ ಒಂದು ಜೋಡಿ ತಂತಿಗೆ ದೀಪಗಳ ಎರಡು ಜೋಡಿ ತಂತಿ: ಮೂರೂ ಕೆಂಪು ಒಂದು ಕಡೆ, ಮೂರೂ ಕಪ್ಪು ಒಂದು ಕಡೆ. ಎಲ್‌ಇಡಿಯಲ್ಲಿ ಕರೆಂಟು ಒಂದೇ ದಿಕ್ಕಿಗೆ ಹರಿಯುತ್ತದೆ. ಕೆಂಪು ಕಪ್ಪು ಅದಲುಬದಲಾದರೆ ದೀಪ ಹತ್ತುವುದಿಲ್ಲ. ತುದಿಯನ್ನು ಅರ್ಧ ಇಂಚು ಸುಲಿದು, ಮುಚ್ಚುವ ಪ್ಲಾಸ್ಟಿಕ್ ಕೊಳವೆಯನ್ನು ಮೊದಲೇ ತೂರಿಸಿಟ್ಟು, ಹೊಸೆದು, ಬೆಸುಗೆ ಹಾಕಿ, ಕೆಂಪು ಗಂಟನ್ನೂ ಕಪ್ಪು ಗಂಟನ್ನೂ ಬೇರೆ ಬೇರೆ ಮುಚ್ಚಬೇಕು. ಬಾಳೆನಾರಿನಲ್ಲಿ ಮೊಳಗಟ್ಟಲೆ ಮಲ್ಲಿಗೆ ಕಟ್ಟುವ ಹಡಗಲಿಯ ಹೆಣ್ಣುಮಕ್ಕಳ ಬೆರಳಿಗೆ ಇದು ಯಾವ ಮಹಾ ಕೆಲಸ?

ಬೆರಳಿಗಿಂತ ಹೆಚ್ಚು ಬೇಕಾದದ್ದು ಲೆಕ್ಕ. ಅಡಾಪ್ಟರಿನ ಬೆನ್ನ ಮೇಲೆ 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಅದು ಕೊಡಬಲ್ಲದ್ದು 24 ವ್ಯಾಟ್. ಒಂಬತ್ತೊಂಬತ್ತು ವ್ಯಾಟಿನ, 12 ವೋಲ್ಟಿನ ಎರಡು ದೀಪ ಸೇರಿ 18 ವ್ಯಾಟ್, ಅಂದರೆ ಒಂದೂವರೆ ಆಂಪಿಯರ್. ಡಿಮ್ಮರೂ ಅಷ್ಟನ್ನು ತಡೆಯುವಂಥದ್ದಿರಬೇಕು. ಅಡಾಪ್ಟರಿನ ಮೇಲೆ ಒಂದೇ ವೋಲ್ಟಿನ ಬದಲು ‘24ರಿಂದ 40 ವೋಲ್ಟ್, 300 ಮಿಲಿಆಂಪಿಯರ್’ ಎಂಬಂತೆ ಬರೆದಿದ್ದರೆ ಅದನ್ನು ಹೀಗೆ ಕವಲೊಡೆಯಬಾರದು. ಅದು ಇಷ್ಟೇ ಕರೆಂಟು ಎಂದು ಅಳೆದು ಕೊಡುವ ಜಾತಿಯದು, ಎರಡು ದೀಪ ಹಾಕಿದರೆ ಇದ್ದದ್ದನ್ನೇ ಹಂಚಿಕೊಳ್ಳಬೇಕಾಗುತ್ತದೆ. ಇನ್ನು ಮುಖ್ಯ ಮಾತು: ನಾವು ಕೈ ಹಾಕುವುದು ಅಡಾಪ್ಟರಿನ ಈಚೆ, 12 ವೋಲ್ಟಿನ ಕಡೆಗೆ, ಅದೂ ಪ್ಲಗ್ಗು ಕಿತ್ತಿಟ್ಟು. ಗೋಡೆಯ 230 ವೋಲ್ಟಿನ ಕಡೆಗಲ್ಲ.

‘ಅಂಗಡಿಯಲ್ಲಿ ಸಿದ್ಧವಾಗಿಯೇ ಸಿಗುತ್ತದಲ್ಲ’ ಎನ್ನುತ್ತೀರಿ. ಹಪ್ಪಳವೂ ಸಿಗುತ್ತದೆ, ತಾಯಿ. ಆದರೆ ಹಪ್ಪಳ ಮಾಡಿ ಗೊತ್ತಿದ್ದವಳು ಅಂಗಡಿಯ ಹಪ್ಪಳ ಕೊಳ್ಳುವಾಗಲೂ ಮೋಸಹೋಗುವುದಿಲ್ಲ.

‘ಹೆಂಗಸರಿಗೆ ಅಪಾಯ’ ಎನ್ನುವವರಿಗೆ ನನ್ನ ಉತ್ತರ ಸ್ವಲ್ಪ ಖಾರವಾಗಿಯೇ ಇದೆ. ಬಕೆಟ್ಟಿಗೆ ಕಾಯಿಲ್ ಇಳಿಬಿಟ್ಟು ನೀರು ಕಾಯಿಸುವವಳು ಯಾರು? ಒದ್ದೆ ಬಟ್ಟೆಯನ್ನು ಕಬ್ಬಿಣದ ತಂತಿಯ ಮೇಲೆ ಹರವುವವಳು ಯಾರು? ನಲ್ಲಿಯಲ್ಲಿ ನೀರು ಬಂದಾಗ ಬರಿಗಾಲಲ್ಲಿ ಮೋಟಾರಿನ ಸ್ವಿಚ್ಚು ಹಾಕುವವಳು ಯಾರು? ಮನೆಯಲ್ಲಿ ನೀರೂ ಕರೆಂಟೂ ಸೇರುವ ಜಾಗದಲ್ಲೆಲ್ಲ ನಿಂತಿರುವವಳು ಹೆಂಗಸು. ಅವಳನ್ನೇ ಅಜ್ಞಾನದಲ್ಲಿಟ್ಟು ಅದಕ್ಕೆ ಕಾಪಾಡುವುದು ಎಂದು ಹೆಸರಿಡುತ್ತೇವೆ. ಮೀನಿನ ತೊಟ್ಟಿಯ ನೆಪದಲ್ಲಿ ಅವಳು ಕಲಿಯುವುದು ನೋಡಿ: ತೊಟ್ಟಿಗೆ ಕೈ ಹಾಕುವ ಮುನ್ನ ಪ್ಲಗ್ಗು ಕೀಳಬೇಕು, ವೈರು ಸಾಕೆಟ್ಟಿಗಿಂತ ಕೆಳಕ್ಕೆ ಜೋತು ಮತ್ತೆ ಮೇಲೇರಬೇಕು, ಆಗ ಅದರ ಗುಂಟ ಇಳಿದ ನೀರು ಸಾಕೆಟ್ಟಿಗೆ ಹೋಗದೆ ಕೆಳಗೇ ತೊಟ್ಟಿಕ್ಕುತ್ತದೆ, ಮನೆಗೆ ಅರ್ಥಿಂಗ್ ಸರಿ ಇರಬೇಕು, 30 ಮಿಲಿಆಂಪಿಯರ್ ಸೋರಿದರೂ ಕರೆಂಟು ಕಡಿಯುವ ಸ್ವಿಚ್ಚು ಇರಬೇಕು. ಇದು ಮೀನು ಸಾಕುವವರಿಗಷ್ಟೇ ಬೇಕಾದ ಪಾಠವೇ? ಬಚ್ಚಲುಮನೆಗೆ ಬೇಡವೇ?

‘ಅದು ನಿಮ್ಮ ಸಬ್ಜೆಕ್ಟ್ ಅಲ್ಲವಲ್ಲ’ ಎಂದವರೂ ಇದ್ದಾರೆ. ಬೆಂಗಳೂರಿನ ರಾಜೇಶ್ವರಿ ಚಟರ್ಜಿ ಓದಿದ್ದು ಗಣಿತ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಪ್ರಾಧ್ಯಾಪಕಿಯಾಗಿ 1982ರಲ್ಲಿ ನಿವೃತ್ತರಾದರು. ಅಯ್ಯಲಸೋಮಯಾಜುಲ ಲಲಿತಾ ಹದಿನೆಂಟಕ್ಕೇ ವಿಧವೆಯಾದವರು, ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣುಕೂಸು. 1940ರ ದಶಕದಲ್ಲಿ ಮದ್ರಾಸಿನ ಗಿಂಡಿ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿ, ಮುಂದೆ ಭಾಕ್ರಾ ನಂಗಲ್ ಅಣೆಕಟ್ಟೆಯ ವಿದ್ಯುತ್ ಕೆಲಸದಲ್ಲಿ ದುಡಿದರು. ಅಂಥವರು ಹುಟ್ಟಿದ ನಾಡಿನಲ್ಲಿ ಎರಡು ದೀಪಕ್ಕೆ ಕವಲು ಕಟ್ಟಲು ಯಜಮಾನರ ಅಪ್ಪಣೆ ಬೇಕೇ?

ನನ್ನ ತಕರಾರು ಅಂಗಡಿಯವನ ಮೇಲಲ್ಲ, ಅವನನ್ನೂ ಹಾಗೆ ಬೆಳೆಸಿದ ನಮ್ಮ ಮೇಲೆ. ಶಾಲೆಯಲ್ಲಿ ಬಲ್ಬು ಕೆಟ್ಟರೆ ನಾವು ಕರೆಯುವುದು ಹುಡುಗರನ್ನು. ಅತಿಥಿಗಳು ಬಂದರೆ ಆರತಿ ತಟ್ಟೆ ಕೊಡುವುದು ಹುಡುಗಿಯರಿಗೆ. ಹುಡುಗಿ ಸಮಾಂತರ ಜೋಡಣೆಯ ಚಿತ್ರವನ್ನು ಸ್ಕೇಲು ಹಿಡಿದು ಅಂದವಾಗಿ ಬರೆಯುತ್ತಾಳೆ, ಪೂರ್ತಿ ಅಂಕ ತೆಗೆಯುತ್ತಾಳೆ, ಮದುವೆಯಾದ ಮೇಲೆ ಫ್ಯೂಸು ಹೋದರೆ ಗಂಡ ಬರುವವರೆಗೆ ಕತ್ತಲಲ್ಲಿ ಕೂರುತ್ತಾಳೆ. ಆ ಅಂಕಗಳನ್ನು ಕೊಟ್ಟವರೂ ನಾವೇ.

ಹಾಗಾಗಿ ಸಹೋದ್ಯೋಗಿ ಶಿಕ್ಷಕಿಯರಲ್ಲಿ ಒಂದು ಮಾತು: ವಿದ್ಯುತ್ತಿನ ಪಾಠದ ವಾರ ಪ್ರತಿ ಹುಡುಗಿಯ ಕೈಯಲ್ಲೂ ಒಮ್ಮೆ ವೈರು ಸುಲಿಸಿ; ಒಂದು ಬ್ಯಾಟರಿ, ಎರಡು ಪುಟ್ಟ ದೀಪ ಸಾಕು. ಮಹಿಳಾ ಮಂಡಳಿಯವರಲ್ಲಿ ಇನ್ನೊಂದು: ರಂಗೋಲಿ ಸ್ಪರ್ಧೆ ನಡೆಯಲಿ, ಬೇಡವೆನ್ನುವುದಿಲ್ಲ, ಆದರೆ ವರ್ಷಕ್ಕೊಂದು ಮಧ್ಯಾಹ್ನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ ಟೆಸ್ಟರ್ ಹಿಡಿಯುವುದನ್ನು ಕಲಿಯಿರಿ. ಮನೆಯಲ್ಲಿ ಮೀನಿನ ತೊಟ್ಟಿ ಇದ್ದವರು ಅಲ್ಲಿಂದಲೇ ಶುರುಮಾಡಿ. ಇಲ್ಲದವರಿಗೂ ಬಚ್ಚಲುಮನೆ ಇದ್ದೇ ಇದೆ.